ಮ್ಯಾಕ್ರೊ ಕೈಕೊಟ್ಟರೆ ಕೋಡ್ ಕೊನೆಗೆ ನೋಡಿ

ವರ್ಡ್‌ನಲ್ಲಿ ಮ್ಯಾಕ್ರೊ (ಪದೇ ಪದೇ ಮಾಡುವ ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಓಡುತ್ತಿಲ್ಲ ಎಂದು ಫೋನ್ ಬಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ಮ್ಯಾಕ್ರೊ ಎಲ್ಲಿ ಸೇವ್ ಆಗಿತ್ತು? ಫೈಲ್ ನಿಮ್ಮ ಕೈಗೆ ಹೇಗೆ ಬಂತು? ಶಿವಮೊಗ್ಗದ ಡಿಟಿಪಿ ಅಂಗಡಿಯವರಾಗಲಿ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘದ ಗುಮಾಸ್ತರಾಗಲಿ, ಇವೆರಡಕ್ಕೂ ಉತ್ತರ ಕೊಡದೆ “ನೀವೇ ಬಂದು ಕೋಡ್ ನೋಡಿ ಸಾರ್” ಅನ್ನುತ್ತಾರೆ. ಕೋಡ್ ಬಿಚ್ಚುವ ಅಗತ್ಯ ಬೀಳುವುದು ಕಡಿಮೆ. ನಿನ್ನೆವರೆಗೆ ಓಡಿದ್ದು ರಾತ್ರೋರಾತ್ರಿ ತಾನಾಗಿ ಕೆಡುವುದಿಲ್ಲ. ಸುತ್ತಮುತ್ತ ಏನೋ ಬದಲಾಗಿರುತ್ತದೆ.

ಫೈಲ್ ಬಂದ ದಾರಿಯನ್ನೇ ಮೊದಲು ನೋಡೋಣ. ಮೇಲ್‌ನಿಂದಲೋ ಬ್ರೌಸರ್‌ನಿಂದಲೋ ಇಳಿಸಿಕೊಂಡ ಫೈಲ್‌ಗೆ ‘ಇದು ಇಂಟರ್ನೆಟ್‌ನಿಂದ ಬಂದದ್ದು’ ಎಂಬ ಗುರುತು ವಿಂಡೋಸ್‌ನಲ್ಲಿ ಅಂಟಿಕೊಳ್ಳುತ್ತದೆ. 2022ರಿಂದ ಮೈಕ್ರೋಸಾಫ್ಟ್ ಅಂಥ ಫೈಲ್‌ಗಳ ಮ್ಯಾಕ್ರೊಗಳನ್ನು ಮೊದಲೇ ತಡೆದುಬಿಡುತ್ತಿದೆ. ಹಿಂದಿನ ಹಳದಿ ಪಟ್ಟಿಯಲ್ಲಿ ಎನೇಬಲ್ ಕಂಟೆಂಟ್ ಗುಂಡಿ ಇರುತ್ತಿತ್ತು, ಈಗಿನ ಕೆಂಪು ಪಟ್ಟಿಯಲ್ಲಿ ಅದಿಲ್ಲ. ಫೈಲ್ ಮುಚ್ಚಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕೆಳತುದಿಯಲ್ಲಿರುವ ಅನ್‌ಬ್ಲಾಕ್‌ಗೆ ಟಿಕ್ ಹಾಕಿದರೆ ಮುಗಿಯಿತು. ಆದರೆ ಕಳಿಸಿದವರು ಯಾರೆಂದು ಗೊತ್ತಿದ್ದರೆ ಮಾತ್ರ. 1999ರ ಮೆಲಿಸ್ಸಾ ವೈರಸ್ ವರ್ಡ್ ಮ್ಯಾಕ್ರೊ ಆಗಿಯೇ ಬಂದು, ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಂಡಿತ್ತು. ವರ್ಡ್‌ನ ಸುರಕ್ಷತಾ ಸೆಟ್ಟಿಂಗ್‌ಗಳಿರುವ ಟ್ರಸ್ಟ್ ಸೆಂಟರ್‌ಗೆ ಹೋಗಿ ಎಲ್ಲ ಮ್ಯಾಕ್ರೊಗಳಿಗೂ ಬಾಗಿಲು ತೆರೆದಿಟ್ಟು ಬರುವ ರಿಪೇರಿಯವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಕಚೇರಿಯ ಟೆಂಪ್ಲೇಟ್‌ಗಳಿಗೆ ಒಂದು ಫೋಲ್ಡರ್ ಮಾಡಿ, ಅದೊಂದನ್ನೇ ಟ್ರಸ್ಟೆಡ್ ಲೊಕೇಶನ್ ಎಂದು ಸೇರಿಸಿದರೆ ಸಾಕು.

ಇನ್ನು ಮ್ಯಾಕ್ರೊ ಇರುವ ಜಾಗ. 2007ರ ವರ್ಡ್ ತಂದ ಡಾಕ್‌ಎಕ್ಸ್ ಫೈಲ್‌ನಲ್ಲಿ ಮ್ಯಾಕ್ರೊ ಉಳಿಯುವುದೇ ಇಲ್ಲ, ಡಾಕ್‌ಎಂ ಆಗಿಯೇ ಸೇವ್ ಮಾಡಬೇಕು. ರೆಕಾರ್ಡ್ ಮಾಡುವಾಗ ಬೇರೆ ಜಾಗ ಹೇಳದಿದ್ದರೆ ಅದು ವರ್ಡ್‌ನ ಮೂಲ ಮಾದರಿ ಫೈಲ್ ಆದ ನಾರ್ಮಲ್ ಟೆಂಪ್ಲೇಟ್‌ಗೆ ಹೋಗಿ ಕೂರುತ್ತದೆ. ಆ ಟೆಂಪ್ಲೇಟ್ ಡಿಸ್ಕ್‌ಗೆ ಬರೆಯಲ್ಪಡುವುದು ಸಾಮಾನ್ಯವಾಗಿ ವರ್ಡ್ ಮುಚ್ಚುವಾಗ. ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಕಡೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬೆಳಿಗ್ಗೆ ರೆಕಾರ್ಡ್ ಮಾಡಿದ ಮ್ಯಾಕ್ರೊ ಮಧ್ಯಾಹ್ನ ಕಂಪ್ಯೂಟರ್ ಆಫ್ ಆದಾಗ ಹೋಗುತ್ತದೆ. ಡಾಕ್ಯುಮೆಂಟ್ ಮಾತ್ರ ಸೇವ್ ಆಗಿದ್ದರಿಂದ “ಸೇವ್ ಮಾಡಿದ್ದೆನಲ್ಲ” ಎಂಬ ವಾದ ಬೇರೆ. ರೆಕಾರ್ಡ್ ಮುಗಿದ ಕೂಡಲೇ ಆಲ್ಟ್ ಜೊತೆ ಎಫ್11 ಒತ್ತಿ ಮ್ಯಾಕ್ರೊ ಕೋಡ್‌ನ ಎಡಿಟರ್ ತೆರೆಯಿರಿ. ಎಡಗಡೆಯಲ್ಲಿ ನಾರ್ಮಲ್ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಎಸ್ ಒತ್ತಿದರೆ ಆ ಭಯವಿಲ್ಲ.

ಈಗ ಕನ್ನಡದ ವಿಷಯ. ಇಂಗ್ಲಿಷ್ ಪುಸ್ತಕ ನೋಡಿ ಕಲಿತವರು ಮುಗ್ಗರಿಸುವುದು ಇಲ್ಲಿಯೇ. ಸಂಘದ ನೋಟಿಸ್‌ನಲ್ಲಿ ‘ದಿನಾಂಕ’ ಎಂದು ತಾನೇ ಬರೆಯುವ ಮ್ಯಾಕ್ರೊ ಬೇಕು ಅಂದುಕೊಳ್ಳಿ. ಎಡಿಟರ್‌ನಲ್ಲಿ ಆ ಪದ ಅಂಟಿಸಿದರೆ ಕಾಣುವುದು ಆರು ಪ್ರಶ್ನಾರ್ಥಕ ಚಿಹ್ನೆ: ದ, ಗುಡಿಸು, ನ, ಇಳಿ, ಸೊನ್ನೆ, ಕ, ಒಂದೊಂದಕ್ಕೆ ಒಂದೊಂದು. ಮ್ಯಾಕ್ರೊ ಬರೆಯುವ ಭಾಷೆ ವಿಬಿಎ. ಅದರ ಎಡಿಟರ್, ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅರಿಯದ ಹಳೆಯ ಕಾಲದ್ದು. ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳನ್ನೇ (ಭಾಷೆವಾರು ಅಕ್ಷರಪಟ್ಟಿಗಳನ್ನೇ) ನಂಬಿಕೊಂಡಿದೆ. ರಷ್ಯನ್, ಜಪಾನಿಗಳಿಗೆ ಅಂಥ ಕೋಡ್ ಪೇಜ್ ಇದೆ, ಕನ್ನಡಕ್ಕೆ ಇಲ್ಲ. ವರ್ಷಗಟ್ಟಲೆ ಓಡಿದ ಮ್ಯಾಕ್ರೊ, ಕಚೇರಿ ಹಳೆಯ ನುಡಿ ಫಾಂಟ್ ಬಿಟ್ಟು ಯೂನಿಕೋಡ್‌ಗೆ ಬಂದ ಮೇಲೆ ಕೈಕೊಡುವುದೂ ಇದೇ ಕಾರಣಕ್ಕೆ. ಆ ಫಾಂಟ್‌ಗಳಲ್ಲಿ ಒಳಗಿದ್ದದ್ದು ಲ್ಯಾಟಿನ್ ಅಕ್ಷರಗಳು, ಕನ್ನಡವಾಗಿದ್ದದ್ದು ನೋಟಕ್ಕೆ ಮಾತ್ರ.

ಅಕ್ಷರದ ಸಂಖ್ಯೆ ಕೊಟ್ಟು ಬರೆಸಬಹುದು: ಸಿಎಚ್‌ಆರ್‌ಡಬ್ಲ್ಯೂ ಫಂಕ್ಷನ್‌ಗೆ 3221 ಕೊಟ್ಟರೆ ‘ಕ’ ಬರುತ್ತದೆ. ಒಂದು ಸಾಲು ವಿಳಾಸಕ್ಕೆ ಈ ರೀತಿ ಮಾಡಹೊರಟರೆ ಮಾತ್ರ ತಲೆ ಕೆಡುತ್ತದೆ. ನಾನು ಮಾಡುವುದೇ ಬೇರೆ: ಬೇಕಾದ ಪದಗಳನ್ನೆಲ್ಲ ಒಂದು ವರ್ಡ್ ಫೈಲ್‌ನ ಟೇಬಲ್‌ನಲ್ಲಿ ಟೈಪ್ ಮಾಡಿಟ್ಟು, ಮ್ಯಾಕ್ರೊ ಅಲ್ಲಿಂದ ಓದಿಕೊಳ್ಳುವಂತೆ ಬರೆಯುತ್ತೇನೆ. ಕೋಡ್‌ನಲ್ಲಿ ಕನ್ನಡ ಇರುವುದೇ ಇಲ್ಲ. ಸಂಘದ ಹೆಸರು ತಿದ್ದಬೇಕಾದರೆ ಗುಮಾಸ್ತರೇ ತಿದ್ದಿಕೊಳ್ಳುತ್ತಾರೆ, ನನಗೆ ಫೋನ್ ಬರುವುದಿಲ್ಲ.

ಇನ್ನೊಂದು ಮೋಸವಿದೆ. ಮೆಸೇಜ್ ಬಾಕ್ಸ್, ಎಡಿಟರ್‌ನಲ್ಲಿ ಫಲಿತಾಂಶ ನೋಡುವ ಇಮಿಡಿಯೇಟ್ ವಿಂಡೋ ಎರಡೂ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಯಾಗಿಯೇ ತೋರಿಸುತ್ತವೆ. ಪಠ್ಯ ಒಳಗೆ ಸರಿಯಾಗಿಯೇ ಇರಬಹುದು. ಅದು ನೋಡಿ ಸರಿಯಿದ್ದ ಕೋಡ್ ತಿದ್ದಲು ಹೋಗಬೇಡಿ. ಪರೀಕ್ಷೆಗೆ ಡಾಕ್ಯುಮೆಂಟಿಗೇ ಬರೆಸಿ ನೋಡಿ.

ಹುಡುಕಿ ಬದಲಿಸುವ ಮ್ಯಾಕ್ರೊ ಕೆಲವು ಪದ ಬಿಟ್ಟುಹೋಗುತ್ತಿದ್ದರೆ ಆ ಪದದ ಒಳಗನ್ನು ನೋಡಬೇಕು. ‘ಕೊ’ ಅಕ್ಷರವನ್ನು ಎರಡು ರೀತಿ ಕೂಡಿಸಬಹುದು: ಕ ಜೊತೆ ಒ ಸ್ವರದ ಚಿಹ್ನೆ 3274 ಒಂದೇ, ಇಲ್ಲವೇ ಎ ಸ್ವರದ 3270 ಮತ್ತು ಊ ಸ್ವರದ 3266 ಎರಡೂ. ಪರದೆ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಅಕ್ಷರ ಬಿಡಿಸಲು ಹಾಕುವ ಅದೃಶ್ಯ 8204 ಒಬ್ಬರ ಫೈಲ್‌ನಲ್ಲಿ ಇರುತ್ತದೆ, ಇನ್ನೊಬ್ಬರದರಲ್ಲಿ ಇರದು. ವಿಬಿಎಯ ರಿಪ್ಲೇಸ್ ಫಂಕ್ಷನ್ ನೋಡುವುದು ಸಂಖ್ಯೆಯನ್ನು. ಅನುಮಾನ ಬಂದ ಪದವನ್ನು ಅಕ್ಷರಕ್ಕೊಂದರಂತೆ, ಅಕ್ಷರದ ಸಂಖ್ಯೆ ಹೇಳುವ ಆಸ್ಕ್‌ಡಬ್ಲ್ಯೂ ಫಂಕ್ಷನ್‌ಗೆ ಕೊಟ್ಟು ಸಂಖ್ಯೆಗಳನ್ನು ಓದಿಕೊಳ್ಳಿ. ಅಕ್ಷರದ ಗಾತ್ರ ಬದಲಾಗದಿದ್ದರೆ ಅದಕ್ಕೂ ಬೇರೆ ಕಾರಣವಿದೆ: ಕನ್ನಡವನ್ನು ವರ್ಡ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ (ಸಂಕೀರ್ಣ ಲಿಪಿ) ಲೆಕ್ಕಕ್ಕೆ ಸೇರಿಸುವುದರಿಂದ ಕೋಡ್‌ನಲ್ಲಿ ಸೈಜ್ ಜೊತೆ, ಅಂಥ ಲಿಪಿಗಳ ಗಾತ್ರ ಹೇಳುವ ಸೈಜ್‌ಬಿಐ ಕೂಡ ಹೇಳಬೇಕು.

ಇಷ್ಟಾದರೂ ಬಗೆಹರಿಯದಿದ್ದರೆ ಕೋಡ್ ತೆರೆಯಿರಿ. ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ (ತಪ್ಪಾದರೂ ಮುಂದಿನ ಸಾಲಿಗೆ ಹೋಗು) ಎಂಬ ಸಾಲು ಕಂಡರೆ ಮೊದಲು ಆ ಸಾಲಿನ ಆರಂಭದಲ್ಲಿ ಅಪಾಸ್ಟ್ರಫಿ ಹಾಕಿ ನಿಲ್ಲಿಸಿ. ದೂರು ಹೇಳಬೇಕಾದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅದು. ಆಮೇಲೆ ಎಫ್8 ಒತ್ತುತ್ತ ಸಾಲು ಸಾಲಾಗಿ ನಡೆಸಿ, ಯಾವ ಸಾಲಿನಲ್ಲಿ ನಿಲ್ಲುತ್ತದೋ ನೋಡಿ. 5941 ಎಂಬ ಎರರ್ ಬಂದರೆ ಕೋಡ್ ಕೇಳಿದ ಬುಕ್‌ಮಾರ್ಕೋ ಟೇಬಲ್ಲೋ ಆ ಡಾಕ್ಯುಮೆಂಟ್‌ನಲ್ಲಿಲ್ಲ ಎಂದರ್ಥ, ಯಾರೋ ಟೈಪ್ ಮಾಡುವಾಗ ಅಳಿಸಿರುತ್ತಾರೆ. ಹೊಸ ಕಂಪ್ಯೂಟರ್‌ಗೆ ಬಂದ ಮೇಲೆ ಲೆಫ್ಟ್, ಡೇಟ್‌ನಂಥ ಸಾದಾ ಫಂಕ್ಷನ್‌ಗಳ ಮೇಲೇ ತಕರಾರು ಬಂದರೆ ಟೂಲ್ಸ್ ಮೆನುವಿನ ರೆಫರೆನ್ಸಸ್ ತೆರೆದು, ಮಿಸ್ಸಿಂಗ್ ಎಂದಿರುವುದರ ಟಿಕ್ ತೆಗೆಯಿರಿ. ಮ್ಯಾಕ್ರೊ ನಿಲ್ಲದೆ ಸುತ್ತುತ್ತಿದ್ದರೆ ಕಂಟ್ರೋಲ್ ಬ್ರೇಕ್. ಹುಡುಕಾಟದ ರ‍್ಯಾಪ್ ಆಯ್ಕೆ ಕಂಟಿನ್ಯೂ ಆಗಿರುವುದು ಸಾಮಾನ್ಯ ಕಾರಣ, ಅದನ್ನು ಸ್ಟಾಪ್ ಮಾಡಿ.

ಫೋನಿನ ವರ್ಡ್‌ನಲ್ಲಿ ಏಕೆ ಓಡುವುದಿಲ್ಲ ಎಂದೂ ಕೇಳುತ್ತಾರೆ. ಫೋನಿನಲ್ಲೂ ಓಡುವುದಿಲ್ಲ, ಬ್ರೌಸರ್‌ನ ವರ್ಡ್‌ನಲ್ಲೂ ಓಡುವುದಿಲ್ಲ. ಅದು ದೋಷವಲ್ಲ, ಅಲ್ಲಿ ಆ ಸೌಲಭ್ಯವೇ ಇಲ್ಲ.