ಮುಳುಗಲೇಬೇಕಾ, ತಲೆಗೆ ನೀರು ಸುರಿದರೆ ಸಾಕಾ?

ಓದುಗರ ಪ್ರಶ್ನೆ: ಕೆಲವು ಸಭೆಗಳಲ್ಲಿ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ನಮ್ಮಲ್ಲಿ ತಲೆಗೆ ನೀರು ಸುರಿಯುತ್ತಾರೆ, ಅಷ್ಟೇ. ಮೊದಲ ಕಾಲದ ಕ್ರೈಸ್ತರು ಹೇಗೆ ಮಾಡುತ್ತಿದ್ದರು?

ನೀರಿಗಿಳಿಯುವುದೇ ವಾಡಿಕೆ. ಅದು ಆಗದಿದ್ದಾಗ ಸುರಿಯುವುದೂ ನಡೆಯುತ್ತಿತ್ತು.

ದೀಕ್ಷಾಸ್ನಾನಕ್ಕೆ ಸುವಾರ್ತೆಗಳು ಬಳಸುವ ಗ್ರೀಕ್ ಪದ ‘ಬಾಪ್ಟಿಝೋ’. ಅಂದರೆ ಮುಳುಗಿಸು, ಅದ್ದು. ಹಡಗು ಮುಳುಗಿದರೂ ಇದೇ ಮಾತು. ಆದರೆ ಊಟಕ್ಕೆ ಮುಂಚೆ ಯೇಸು ತೊಳೆದುಕೊಳ್ಳಲಿಲ್ಲವಲ್ಲ ಅಂತ ಫರಿಸಾಯನೊಬ್ಬ (ಕಟ್ಟುನಿಟ್ಟಿನ ಯೆಹೂದಿ ಪಂಥದವನು) ಬೆರಗಾಗುತ್ತಾನೆ. ಲೂಕನ ಸುವಾರ್ತೆ ಅಲ್ಲೂ ಇದೇ ಪದ ಬಳಸುತ್ತದೆ. ಹಾಗಾಗಿ ಪದವೊಂದನ್ನೇ ಹಿಡಿದುಕೊಂಡು ಜಗಳ ತೀರಿಸೋಕಾಗಲ್ಲ.

ಮೊದಲ ಕಾಲದ ಕ್ರೈಸ್ತರ ‘ದಿದಾಖೆ’ ಅನ್ನುವ ಪುಟ್ಟ ಕೈಪಿಡಿ ಹೆಚ್ಚು ನೆರವಿಗೆ ಬರುತ್ತದೆ. ಅದು ಕ್ರಿ.ಶ. 100ರ ಆಸುಪಾಸಿನದು ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಹರಿಯುವ ನೀರಲ್ಲಿ ದೀಕ್ಷಾಸ್ನಾನ ಕೊಡಿ, ಅದಿಲ್ಲದಿದ್ದರೆ ಬೇರೆ ನೀರಲ್ಲಿ, ತಣ್ಣೀರು ಆಗದಿದ್ದರೆ ಬಿಸಿನೀರಲ್ಲಿ. ಎರಡೂ ಇಲ್ಲವೇ? ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ತಲೆಗೆ ಮೂರು ಸಲ ಸುರಿಯಿರಿ. ನೀರಿನ ವಿಷಯದಲ್ಲಿ ಇಷ್ಟು ಸಡಿಲ! ಉಪವಾಸದಲ್ಲಿ ಮಾತ್ರ ಬಿಗಿ: ದೀಕ್ಷೆ ಪಡೆಯುವವರು ಒಂದೆರಡು ದಿನ ಮೊದಲೇ ಶುರುಮಾಡಬೇಕು.

ಸಿರಿಯಾದಲ್ಲಿ, ಯೂಫ್ರೆಟಿಸ್ ದಂಡೆಯ ಡೂರಾ-ಯುರೋಪಸ್‌ನಲ್ಲಿ ಕ್ರೈಸ್ತರು 240ರ ಸುಮಾರಿಗೆ ಒಂದು ಮನೆಯನ್ನೇ ಸಭೆಯ ಜಾಗ ಮಾಡಿಕೊಂಡಿದ್ದರು. ಅದರ ಒಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಸಿಕ್ಕಿದೆ. ದೊಡ್ಡವರನ್ನು ಮಲಗಿಸಿ ಮುಳುಗಿಸುವಷ್ಟು ದೊಡ್ಡದಲ್ಲ. ಒಳಗೆ ನಿಲ್ಲಿಸಿ ನೀರು ಹೊಯ್ದಿರಬೇಕು ಎಂಬುದು ಹಲವರ ಊಹೆ.

ಹಾಗಿದ್ದರೂ ಮುಳುಗುವುದಕ್ಕೆ ಅಷ್ಟು ಬೆಲೆ ಯಾಕೆ? ಪೌಲ ರೋಮಿನವರಿಗೆ ಬರೆದ ಪತ್ರ ನೋಡಿ. ಅವನಿಗೆ ದೀಕ್ಷಾಸ್ನಾನ ಸುಮ್ನೆ ಮೈತೊಳೆಯುವುದಲ್ಲ. ಕ್ರಿಸ್ತನ ಜೊತೆ ಸತ್ತು, ಹೂಳಿಸಿಕೊಂಡು, ಹೊಸ ಬದುಕಿಗೆ ಏಳುವುದು. ನೀರಿಗಿಳಿದು ಮೇಲೆ ಬಂದರೆ ಅದು ಮೈಗೇ ಗೊತ್ತಾಗುತ್ತದೆ, ಅಲ್ವಾ?

ಅಂದಹಾಗೆ, ಈ ಪ್ರಶ್ನೆ ಕೇಳಿದವರಲ್ಲಿ ನೀವೇ ಮೊದಲಿಗರಲ್ಲ. 250ರ ದಶಕದಲ್ಲಿ ಮ್ಯಾಗ್ನಸ್ ಎಂಬಾತ ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ಗೆ ಇದನ್ನೇ ಕೇಳಿದ್ದ. ಕಾಯಿಲೆ ಬಿದ್ದವರಿಗೆ ಹಾಸಿಗೆಯಲ್ಲೇ ನೀರು ಸುರಿದು ದೀಕ್ಷೆ ಕೊಡುತ್ತಿದ್ದರು. ಅಂಥವರನ್ನು ಕೆಲವರು ‘ಕ್ಲಿನಿಸಿ’, ಅಂದರೆ ಹಾಸಿಗೆಯವರು, ಅಂತ ಹಂಗಿಸುತ್ತಿದ್ದರು. ನಮ್ಮ ‘ಕ್ಲಿನಿಕ್’ ಪದಕ್ಕೂ ಅದೇ ಬೇರು. ರೋಮಿನಲ್ಲಂತೂ ಹೀಗೆ ದೀಕ್ಷೆ ಪಡೆದ ನೊವಾಷಿಯನ್‌ನನ್ನು ಪಾದ್ರಿ ಮಾಡುವಾಗ ಜೋರು ವಿರೋಧವೇ ಎದ್ದಿತ್ತು.

ಸಿಪ್ರಿಯನ್ ಈ ಹಂಗಿಸುವಿಕೆಯನ್ನು ಒಪ್ಪಲಿಲ್ಲ. ಸುರಿಸಿಕೊಂಡವರೂ ಪೂರ್ತಿ ಕ್ರೈಸ್ತರೇ ಎಂದ. ಸುವಾರ್ತೆಯಲ್ಲೂ ಒಬ್ಬ ಹಾಸಿಗೆಯವನಿದ್ದಾನೆ ಅಂತ ನೆನಪಿಸಿದ: ಎದ್ದು, ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಹೋದ ಪಾರ್ಶ್ವವಾಯು ರೋಗಿ.