ಹಾಲಿನ ಅಲರ್ಜಿ ಇದ್ರೆ ನಾಟಿ ಹಸು ಹಾಲು ಆಗುತ್ತಾ?

ಪ್ರಶ್ನೆ: ನಾವು ಪ್ಯೂರ್ ವೆಜ್. ಮಗಳಿಗೆ ಹಾಲಿನ ಅಲರ್ಜಿ ಅಂತ ಡಾಕ್ಟ್ರು ಹೇಳಿದಾರೆ. ಪ್ಯಾಕೆಟ್ ಹಾಲು ಬಿಟ್ಟು ನಾಟಿ ಹಸು ಹಾಲು ಕೊಡಬಹುದಾ? ತುಪ್ಪ?

ಉತ್ತರ: ಬೇಡ. ಇದನ್ನ ಎಷ್ಟು ಸಲ ಹೇಳಿದ್ರೂ ಯಾರಾದ್ರೂ ಒಬ್ರು "ಮಲೆನಾಡು ಗಿಡ್ಡದ ಹಾಲು ಕೊಟ್ಟು ನೋಡಿ, ಎ2 ಅದು, ಅಲರ್ಜಿ ಗಿಲರ್ಜಿ ಏನೂ ಆಗಲ್ಲ" ಅಂತ ಬಂದೇ ಬರ್ತಾರೆ. ಸರಿ, ಎ2 ಅಂದ್ರೆ ಏನು ಅಂತ ನೋಡೇಬಿಡೋಣ. ಅಲರ್ಜಿ ಆಗೋದು ಹಾಲಿನ ಪ್ರೋಟೀನಿಗೆ. ಅದರಲ್ಲಿ ಸುಮಾರು 80% ಕೇಸೀನ್ ಅನ್ನೋ ಗುಂಪು, ಉಳಿದಿದ್ದು ವೇ (whey) ಅನ್ನೋ ಗುಂಪು. ಕೇಸೀನಲ್ಲೇ ನಾಲ್ಕು ಥರ, ಅದರಲ್ಲಿ ಒಂದು ಬೀಟಾ ಕೇಸೀನ್. ಎ1, ಎ2 ಅನ್ನೋದು ಈ ಬೀಟಾ ಕೇಸೀನಿನ ಎರಡು ಬಗೆ. ಅದನ್ನ 209 ಮಣಿಯ ಸರ ಅಂದ್ಕೊಳ್ಳಿ, ಒಂದೊಂದು ಮಣಿನೂ ಒಂದು ಅಮೈನೋ ಆಮ್ಲ, 67ನೇ ಮಣಿ ಎ1ನಲ್ಲಿ ಹಿಸ್ಟಿಡಿನ್, ಎ2ನಲ್ಲಿ ಪ್ರೋಲಿನ್. ಇಷ್ಟೇ ರೀ ವ್ಯತ್ಯಾಸ! ಮಿಕ್ಕಿದ ಮಣಿ ಎಲ್ಲಾ ಅವೇ, ಬೇರೆ ಮೂರು ಕೇಸೀನೂ ಅಲ್ಲೇ ಇದಾವೆ, ವೇ ಪ್ರೋಟೀನೂ ಇದೆ, ಮಗು ಮೈ ಅದನ್ನೆಲ್ಲಾ ಗುರುತು ಹಿಡಿಯುತ್ತೆ, ಹಸು ನಾಟಿನಾ ಜರ್ಸಿನಾ ಅಂತ ಕೇಳ್ಕೊಂಡು ಕೂರಲ್ಲ. ಎಮ್ಮೆ ಹಾಲು, ಮೇಕೆ ಹಾಲಿನ ಪ್ರೋಟೀನೂ ಹೆಚ್ಚುಕಮ್ಮಿ ಹಂಗೇ ಇರೋದ್ರಿಂದ ಅವೂ ಬೇಡ. ಚೆನ್ನಾಗಿ ಕಾಯಿಸಿದ್ರೆ? ಕೇಸೀನ್ ಅಷ್ಟಕ್ಕೆಲ್ಲಾ ಬಗ್ಗಲ್ಲ.

ಈ ಗೊಂದಲ ಎಲ್ಲಿಂದ ಬಂತು ಅಂದ್ರೆ, ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸಿ ಗುಡುಗುಡು ಅನ್ನೋರು ಬೇಕಾದಷ್ಟು ಜನ ಇದಾರೆ, ಅದು ಲ್ಯಾಕ್ಟೋಸ್ ಅನ್ನೋ ಸಕ್ಕರೆ ಜೀರ್ಣ ಆಗದೆ ಇರೋದು, ಅವರಿಗೆ ಮೊಸರು ಮಜ್ಜಿಗೆ ಎಷ್ಟೋ ಸಲ ಒಗ್ಗುತ್ತೆ, ಆ ಅನುಭವನೇ ತಂದು ಅಲರ್ಜಿ ಇರೋ ಮಗುಗೂ ಹೇಳ್ತಾರೆ. ಮೈಯೆಲ್ಲಾ ಗಂದೆ ಏಳೋದು, ತುಟಿ ಊದೋದು, ಉಸಿರು ಕಟ್ಟೋದು ಹೊಟ್ಟೆ ಉಬ್ಬರ ಅಲ್ಲ. ಪಂಚಾಮೃತ ದೇವರ ಪ್ರಸಾದ, ಒಂದು ಉದ್ಧರಣೆ ಅಷ್ಟೇ ಅನ್ನೋ ಅಜ್ಜಿಗೂ ಇದನ್ನೇ ಹೇಳಿ.

ತುಪ್ಪ ಬಹುಪಾಲು ಜಿಡ್ಡೇ, ಆದ್ರೂ ಚೂರುಪಾರು ಪ್ರೋಟೀನ್ ಉಳಿದಿರಬಹುದು, ಹಾಗಾಗಿ ಡಾಕ್ಟ್ರು ಕೊಡಿ ಅನ್ನೋವರೆಗೂ ಅದೂ ಬೇಡ. ಹೋಟ್ಲಲ್ಲಿ "ಬೆಣ್ಣೆ ಹಾಕ್ಬೇಡಿ" ಅಂದ್ರೆ ಸಾಲದು, ಹಿಂದಿನ ಬೆಣ್ಣೆ ದೋಸೆ ಹುಯ್ದ ಕಾವಲಿನೇ ಅದು. ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನೋಡಿ ನೆಮ್ಮದಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಹಾಲೂ ವೆಜ್ಜೇ ಅಲ್ವಾ, ಹಿಂದೆ ತಿರುಗಿಸಿ ಅಲರ್ಜನ್ ಸಾಲು ಓದಿ.

ನೀವು ಕೇಳಲಿಲ್ಲ, ಆದ್ರೂ ಹೇಳ್ತೀನಿ, ವಿಟಮಿನ್ ಬಿ12ಗೆ ಏನ್ ಮಾಡ್ತೀರಾ? ಮೊಟ್ಟೆ ಮಾಂಸ ತಿನ್ನದ ಮನೇಲಿ ಅದು ಬರ್ತಿದ್ದಿದ್ದೇ ಹಾಲು ಮೊಸರಿಂದ. ಕ್ಯಾಲ್ಸಿಯಂ ಚಿಂತೆ ಕಮ್ಮಿ, 100 ಗ್ರಾಂ ರಾಗೀಲಿ 340 ಮಿಲಿಗ್ರಾಂ ಮೇಲೇ ಇದೆ, ಎಳ್ಳೂ ಇದೆ (ಅದಕ್ಕೂ ಅಲರ್ಜಿ ಇಲ್ಲ ಅಂದ್ರೆ!). ಬಿ12 ಮಾತ್ರ ರಾಗೀಲೂ ಇಲ್ಲ, ಸೊಪ್ಪಲ್ಲೂ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದಾಗ ತಾನೇ ಹುಟ್ಟುತ್ತೆ ಅಂತಾರಲ್ಲ, ಅದನ್ನ ನಂಬ್ಕೊಂಡು ಮಗು ಬೆಳೆಸೋಕಾಗಲ್ಲ. ಮುಂದಿನ ಸಲ ಡಾಕ್ಟ್ರ ಹತ್ರ ಹೋದಾಗ ಮಗೂಗೆ ಎಷ್ಟು ಬಿ12 ಡ್ರಾಪ್ಸ್ ಬೇಕು ಅಂತ ಕೇಳಿ, ಆ ಡ್ರಾಪ್ಸಲ್ಲಿ ಹಾಲಿನ ಅಂಶ ಇದ್ಯಾ ಅಂತಾನೂ ಕೇಳಿ.