ವಾಲಿ ಫೌಲರ್: ಹಾಡುಗಾರನೂ ಹೌದು, ಸಂಘಟಕನೂ ಹೌದು

ಅಮೆರಿಕದ ಗಾಸ್ಪೆಲ್ ಸಂಗೀತವನ್ನು, ಅಂದರೆ ಕ್ರೈಸ್ತ ಭಕ್ತಿಗೀತೆಗಳ ಪರಂಪರೆಯನ್ನು, ಓದಲು ಕುಳಿತಾಗ ನಾವು ಮೊದಲು ಗಾಯಕರ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತೇವೆ. ನಾನೂ ಹಾಗೆಯೇ ಮಾಡಿದೆ. ಈ ಹಾಡುಗಾರರ ಹೊಟ್ಟೆ ತುಂಬುತ್ತಿದ್ದುದು ಯಾವುದರಿಂದ ಎಂದು ಕೇಳಿಕೊಂಡ ಮೇಲೆಯೇ ಪಾಠ ತಲೆಗೆ ಹತ್ತಿತು. ಆ ಪ್ರಶ್ನೆ ಇಟ್ಟುಕೊಂಡೇ ಫೌಲರ್ ಅವರ ಬದುಕನ್ನು ಓದಿ.

ಫೌಲರ್ ಹಾಡಿದ್ದು ಕ್ವಾರ್ಟೆಟ್‌ಗಳಲ್ಲಿ. ಕ್ವಾರ್ಟೆಟ್ ಎಂದರೆ ನಾಲ್ಕು ದನಿಗಳ ತಂಡ. ಹಾಡಿನ ಮುಖ್ಯ ಧಾಟಿ ಹಿಡಿಯುವವನು ಲೀಡ್. ಅವನಿಗಿಂತ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್, ತೀರಾ ತಳದಲ್ಲಿ ಬಾಸ್. ಬ್ಯಾರಿಟೋನ್ ದನಿಯೊಂದನ್ನೇ ಬೇರೆಯಾಗಿ ಕೇಳಿದರೆ ಅದು ಹಾಡೆಂದೇ ಅನಿಸುವುದಿಲ್ಲ, ಒಂದೆರಡು ಸ್ವರಗಳ ನಡುವೆ ಸುಳಿದಾಡುವ ಗುನುಗಿನಂತಿರುತ್ತದೆ. ಅದನ್ನು ತೆಗೆದರೆ ಮಾತ್ರ ಉಳಿದ ಮೂರು ದನಿಗಳ ನಡುವೆ ತೂತು ಬಿದ್ದದ್ದು ತಿಳಿಯುತ್ತದೆ. ಒಂದೇ ಧ್ವನಿಮುದ್ರಿಕೆಯನ್ನು ನಾಲ್ಕು ಸಲ ಹಾಕಿ, ಸಲಕ್ಕೊಂದು ದನಿಯ ಬೆನ್ನು ಹತ್ತಿ ಹೋಗಿ. ಎಷ್ಟು ಓದಿದರೂ ಈ ಅಭ್ಯಾಸಕ್ಕೆ ಸಮವಾಗದು.

ಇನ್ನು ದುಡ್ಡಿನ ವಿಚಾರ. ಟೆನ್ನೆಸ್ಸಿಯ ಲಾರೆನ್ಸ್‌ಬರ್ಗ್‌ನಲ್ಲಿ ಹಾಡಿನ ಪುಸ್ತಕಗಳನ್ನು ಅಚ್ಚುಹಾಕುತ್ತಿದ್ದ ಜೇಮ್ಸ್ ಡಿ. ವಾನ್ 1910ರಲ್ಲಿ ಒಂದು ಕ್ವಾರ್ಟೆಟ್ಟನ್ನು ಊರೂರಿಗೆ ಕಳುಹಿಸಿದರು. ತಂಡ ಹಾಡಬೇಕು, ಜನ ಪುಸ್ತಕ ಕೊಳ್ಳಬೇಕು. ಅಂದರೆ ಮಾರಾಟಕ್ಕಿದ್ದದ್ದು ಪುಸ್ತಕ. ಹಾಡು ಅದರ ಜಾಹೀರಾತು.

ಫೌಲರ್ ಹುಟ್ಟಿದ್ದು 1917ರಲ್ಲಿ, ಜಾರ್ಜಿಯಾದ ಅಡೇರ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. 1930ರ ದಶಕದಲ್ಲಿ ಜಾನ್ ಡೇನಿಯಲ್ ಕ್ವಾರ್ಟೆಟ್ ಸೇರಿದರು. ಮುಂದೆ ನಾಕ್ಸ್‌ವಿಲ್‌ನಲ್ಲಿ 'ಜಾರ್ಜಿಯಾ ಕ್ಲಾಡ್‌ಹಾಪರ್ಸ್' ಎಂಬ ತಮ್ಮದೇ ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡಿನ ಬೇರಿನ ಸಂಗೀತ) ತಂಡ ಕಟ್ಟಿ ರೇಡಿಯೋದಲ್ಲಿ ಹಾಡಿದರು. ಅಲ್ಲಿಂದ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿತ್ತು ಓಕ್ ರಿಡ್ಜ್. ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂಸ್ಕರಿಸಲು ಯುದ್ಧಕಾಲದಲ್ಲಿ ಗುಟ್ಟಾಗಿ ಕಟ್ಟಿದ, ಬೇಲಿ ಮತ್ತು ಕಾವಲಿನ ಊರು. ಅಲ್ಲಿನ ಬಹುತೇಕ ಕೆಲಸಗಾರರಿಗೆ ತಾವು ತಯಾರಿಸುತ್ತಿರುವುದು ಏನೆಂದೇ ತಿಳಿದಿರಲಿಲ್ಲ. ಆ ಬೇಲಿಯೊಳಗಿನ ಜನ ಕೇಳಿ ಕೇಳಿ ಹಾಡಿಸಿಕೊಂಡದ್ದು ಫೌಲರ್ ತಂಡದ ಗಾಸ್ಪೆಲ್ ಹಾಡುಗಳನ್ನು. ಹೀಗೆ 1945ರಲ್ಲಿ ತಂಡಕ್ಕೆ 'ಓಕ್ ರಿಡ್ಜ್ ಕ್ವಾರ್ಟೆಟ್' ಎಂದು ಹೆಸರಾಯಿತು. ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹಳ ಕಾಡಿದ ಭಾಗ ಇದೇ.

ಮುಖ್ಯ ದಿನಾಂಕ: 1948ರ ನವೆಂಬರ್ 5. ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಫೌಲರ್ 'ಆಲ್ ನೈಟ್ ಸಿಂಗಿಂಗ್' ಏರ್ಪಡಿಸಿದರು. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಎದ್ದ ಕಟ್ಟಡ ಅದು; ಜನ ಚರ್ಚಿನ ಮರದ ಬೆಂಚುಗಳ ಮೇಲೆಯೇ ಕುಳಿತು ಕೇಳುತ್ತಿದ್ದರು. ರಾತ್ರಿಯಿಡೀ ಹಾಡುವುದು ಫೌಲರ್ ಅವರೇ ಹುಟ್ಟುಹಾಕಿದ ಪದ್ಧತಿಯಲ್ಲ. ಹಲವು ಕ್ವಾರ್ಟೆಟ್‌ಗಳನ್ನು ಒಂದೇ ವೇದಿಕೆಗೆ, ಒಂದೇ ಟಿಕೆಟ್ಟಿಗೆ ತಂದು, ಅದನ್ನು ಊರಿಂದೂರಿಗೆ ನಡೆಯುವ ಕಸುಬನ್ನಾಗಿಸಿದ್ದು ಅವರ ಸಾಧನೆ. ಜನ ಈಗ ದುಡ್ಡು ಕೊಡುತ್ತಿದ್ದದ್ದು ಪುಸ್ತಕಕ್ಕಲ್ಲ, ಹಾಡಿಗೇ.

ಇಲ್ಲಿ ಒಂದು ಎಚ್ಚರಿಕೆ. ಇದು ಬಿಳಿಯರ ಗಾಸ್ಪೆಲ್ ವೇದಿಕೆಯ ಕಥೆ. ಅದೇ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರ ಫೇರ್‌ಫೀಲ್ಡ್ ಫೋರ್ ಎಂಬ ಅದ್ಭುತ ತಂಡವಿತ್ತು, ರೇಡಿಯೋದಲ್ಲಿ ದೂರದೂರದವರೆಗೆ ಕೇಳಿಬರುತ್ತಿತ್ತು. ವರ್ಣಭೇದದ ಕಾನೂನುಗಳಿದ್ದ ಕಾಲವಾದ್ದರಿಂದ ವೇದಿಕೆ, ಮಾರುಕಟ್ಟೆ ಎಲ್ಲವೂ ಬೇರೆಯಾಗಿದ್ದವು. ಎರಡನ್ನೂ ಓದದವರು ಕ್ವಾರ್ಟೆಟ್ ಇತಿಹಾಸವನ್ನು ಅರ್ಧ ಮಾತ್ರ ಓದಿದಂತೆ.

ಜನ ಸೇರಿಸುವ ಕಲೆ ಫೌಲರ್ ಅವರಿಗೆ ಕರಗತವಾಗಿತ್ತು, ಲೆಕ್ಕಾಚಾರ ಕೈಹಿಡಿಯಲಿಲ್ಲ. 1957ರಲ್ಲಿ, ಕೊಡಬೇಕಿದ್ದ ಸಾಲಕ್ಕೆ ಬದಲಾಗಿ ಓಕ್ ರಿಡ್ಜ್ ಹೆಸರಿನ ಹಕ್ಕನ್ನೇ ತಂಡದ ಸ್ಮಿಟ್ಟಿ ಗ್ಯಾಟ್ಲಿನ್ ಅವರಿಗೆ ಬಿಟ್ಟುಕೊಟ್ಟರು. ಮುಂದೆ ಅದೇ ತಂಡ 'ಓಕ್ ರಿಡ್ಜ್ ಬಾಯ್ಸ್' ಆಗಿ ಕಂಟ್ರಿ ಸಂಗೀತದಲ್ಲಿ ದೇಶವೆಲ್ಲ ಬಲ್ಲ ಹೆಸರಾಯಿತು. ಫೌಲರ್ 1994ರಲ್ಲಿ ತೀರಿಕೊಂಡರು.

1957ನ್ನು ಇನ್ನೊಂದು ಕಾರಣಕ್ಕೂ ಗುರುತು ಹಾಕಿಕೊಳ್ಳಿ. ಬಾಸ್ ಗಾಯಕ ಜೆ.ಡಿ. ಸಮ್ನರ್ ಮತ್ತು ಬ್ಲ್ಯಾಕ್‌ವುಡ್ ಬ್ರದರ್ಸ್ ಎಂಬ ಕ್ವಾರ್ಟೆಟ್‌ನವರು ಮೆಂಫಿಸ್‌ನಲ್ಲಿ ನ್ಯಾಷನಲ್ ಕ್ವಾರ್ಟೆಟ್ ಕನ್ವೆನ್ಷನ್ ಆರಂಭಿಸಿದ್ದು ಅದೇ ವರ್ಷ. ಫೌಲರ್ ಒಂದು ರಾತ್ರಿಗೆ ಕೂಡಿಸುತ್ತಿದ್ದ ತಂಡಗಳನ್ನು ಇವರು ಹಲವು ದಿನಗಳಿಗೆ ಕೂಡಿಸಿದರು. ಮುಂದಿನ ಓದನ್ನು ಅಲ್ಲಿಂದ ಶುರುಮಾಡಿ.